ಮೊಬೈಲು, ಲ್ಯಾಪ್‌ಟಾಪು ಬದಲಿಸುವುದು ಯಾವಾಗ?

(ಕುಂದೂರಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಮೊಬೈಲು ಈಗ ಬರಿಯ ಷೋಕಿಯ ವಸ್ತುವಲ್ಲ. ಬೆಳೆ ಸಮೀಕ್ಷೆಯ ಫೋಟೋ ಹಿಡಿಯಲು, ಬ್ಯಾಂಕಿನ ಲೆಕ್ಕ ನೋಡಲು, ಕಾಫಿ ಮೆಣಸುಗಳ ಧಾರಣೆ ತಿಳಿಯಲು ಅದು ಬೇಕು. ಆಲೂರು, ಸಕಲೇಶಪುರದ ಕಡೆ ಕಾಡಾನೆ ಯಾವ ತೋಟದಲ್ಲಿದೆ ಎಂಬ ಸುದ್ದಿಯೂ ಅದರಿಂದಲೇ ಬರುತ್ತದೆ. ಆ ಹೊತ್ತಿಗೆ ಬ್ಯಾಟರಿ ಸತ್ತಿದ್ದರೆ ಪ್ರಾಣಕ್ಕೇ ಅಪಾಯ. ಆದಕಾರಣ ಕೆಟ್ಟುಹೋದ ಮೊಬೈಲನ್ನು ಹಾಗೇ ಇಟ್ಟುಕೊಳ್ಳುವುದೂ ತರವಲ್ಲ; ಚೆನ್ನಾಗಿರುವುದನ್ನು ಮೂಲೆಗೆ ಹಾಕಿ, ಸಾಲಮಾಡಿ ಹೊಸದು ತರುವುದೂ ತರವಲ್ಲ.

ಲೆಕ್ಕ ಹಾಕಿ ನೋಡೋಣ. 12,000 ರೂಪಾಯಿನ ಮೊಬೈಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ವರ್ಷಕ್ಕೆ 6,000 ರೂಪಾಯಿ ಖರ್ಚು. ಅದಕ್ಕೇ ನಡುವೆ 1,500 ರೂಪಾಯಿನ ಬ್ಯಾಟರಿ ಹಾಕಿಸಿ ಐದು ವರ್ಷ ಬಳಸಿದರೆ ವರ್ಷಕ್ಕೆ 2,700 ಮಾತ್ರ. ಉಳಿದ 3,300 ರೂಪಾಯಿ ಗೊಬ್ಬರಕ್ಕಾದೀತು.

ಮೊದಲು ಸೋಲುವುದು ಬ್ಯಾಟರಿ. ಸುಮಾರು 500 ಸಲ ಪೂರ್ತಿ ಚಾರ್ಜು ಮಾಡಿದ ಮೇಲೆ ಸಾಮಾನ್ಯವಾಗಿ ಅದರ ಶಕ್ತಿ ನೂರಕ್ಕೆ ಎಂಬತ್ತಕ್ಕೆ ಇಳಿಯುತ್ತದೆ. ಕುಳ ಸವೆದರೆ ನಾವು ಕುಳವನ್ನು ಬದಲಿಸುತ್ತೇವೆಯೇ ಹೊರತು ನೇಗಿಲನ್ನಲ್ಲ. ಇಲ್ಲಿಯೂ ಹಾಗೆಯೇ. ಆದರೆ ಬ್ಯಾಟರಿ ಊದಿಕೊಂಡಿದ್ದರೆ ಒಂದು ದಿನವೂ ಬಳಸಬಾರದು. ಅದು ಬೆಂಕಿ ಹೊತ್ತಿಕೊಳ್ಳಬಹುದು.

ಎರಡನೆಯದು ರಕ್ಷಣೆ. ಕಳ್ಳರು ನುಗ್ಗದಂತೆ ಕಂಪನಿಯವರು ಕಳುಹಿಸುವ ಸೆಕ್ಯುರಿಟಿ ಅಪ್‌ಡೇಟ್ ಕೆಲವು ವರ್ಷ ಮಾತ್ರ ಬರುತ್ತದೆ. 2023ರ ಪಿಕ್ಸೆಲ್ 8, 2024ರ ಗ್ಯಾಲಕ್ಸಿ ಎಸ್24 ಮೊಬೈಲುಗಳಿಗೆ ಏಳು ವರ್ಷದ ಭರವಸೆಯಿದೆ; ಕಡಿಮೆ ಬೆಲೆಯ ಅನೇಕ ಮೊಬೈಲುಗಳಿಗೆ ಅಷ್ಟಿಲ್ಲ. ಕೊಳ್ಳುವಾಗಲೇ ಅಂಗಡಿಯವರನ್ನು ವಿಚಾರಿಸಿರಿ. ಅಪ್‌ಡೇಟ್ ನಿಂತ ಮೊಬೈಲಿನಲ್ಲಿ ಹಣದ ವ್ಯವಹಾರ ಬೇಡ, ಮಾತಿಗೆ ಇಟ್ಟುಕೊಳ್ಳಬಹುದು.

ಮಕ್ಕಳ ಓದಿನ ಲ್ಯಾಪ್‌ಟಾಪು ನಿಧಾನವಾದರೆ ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿರಿ; ಬಹಳ ಸಲ ಅಷ್ಟೇ ಸಾಕು. ವಿಂಡೋಸ್ 10ಕ್ಕೆ ಮಾಮೂಲು ರಕ್ಷಣೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಿಡಿಯದ ಯಂತ್ರಕ್ಕೆ ಬೆಲೆಯಿಲ್ಲದೆ ದೊರೆಯುವ ಲಿನಕ್ಸ್ ಹಾಕಿಸಬಹುದು.

ನಮ್ಮ ಮಳೆಗಾಲಕ್ಕೆ ಒಂದು ಮಾತು. ಮೊಬೈಲು ನೆನೆದರೆ ಕೂಡಲೇ ಆರಿಸಿ, ಒರೆಸಿ, ಗಾಳಿಯಾಡುವ ಕಡೆ ಇಡಿರಿ. ಅಕ್ಕಿಯಲ್ಲಿ ಹೂಳಬೇಡಿರಿ, ಅದರ ಪುಡಿ ಒಳಹೋಗುತ್ತದೆ. ಒಲೆಯ ಮೇಲೆ ಒಣಗಿಸಲೂ ಬೇಡಿರಿ. ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕಕೂಡದು.

ಹಳೆಯದನ್ನು ಕೊಡುವ ಮುಂಚೆ ಸಿಮ್ ತೆಗೆದು, ಒಳಗಿನದೆಲ್ಲವನ್ನೂ ಅಳಿಸಿರಿ. ತಿಪ್ಪೆಗೆ ಎಸೆಯುವುದು, ಸುಡುವುದು ಎರಡೂ ಬೇಡ. ಅದರ ವಿಷ ನೆಲಕ್ಕೂ ನೀರಿಗೂ ಇಳಿಯುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಇಂಥವನ್ನು ಮರುಬಳಕೆಗೆ ಸೇರಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ.

ಆದ್ದರಿಂದ ಹೊಸದಕ್ಕೆ ಹೊರಡುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿರಿ: ರಿಪೇರಿ ಆಗುವುದೇ? ರಕ್ಷಣೆ ಇನ್ನೂ ಬರುತ್ತಿದೆಯೇ? ನಮ್ಮ ಕೆಲಸ ಇದರಲ್ಲಿ ನಡೆಯುತ್ತಿದೆಯೇ? ಮೂರಕ್ಕೂ ಹೌದೆಂದಾದರೆ ಹಣ ಪೆಟ್ಟಿಗೆಯಲ್ಲೇ ಇರಲಿ.