ಮನೆಯ ಮಾತ್ರೆ ಡಬ್ಬ



ಹಾಸನದಿಂದ ಹೊಳೆನರಸೀಪುರದ ಕಡೆಗೆ ಹೊರಟರೆ ಹತ್ತು-ಹನ್ನೆರಡು ಕಿಲೋಮೀಟರಿನಲ್ಲಿ ಮೊಸಳೆ ಎಂಬ ಊರು ಸಿಗುತ್ತದೆ. ನಿಮ್ಮಲ್ಲಿ ಕೆಲವರು ಶಾಲೆಯ ಪ್ರವಾಸದಲ್ಲಿ ಅಲ್ಲಿಗೆ ಹೋಗಿರಬಹುದು. ಕ್ರಿ.ಶ. 1200ರ ಸುಮಾರಿಗೆ, ಹೊಯ್ಸಳರ ಕಾಲದಲ್ಲಿ ಕಟ್ಟಿದ ಎರಡು ದೇವಾಲಯಗಳು ಅಲ್ಲಿ ಅಕ್ಕಪಕ್ಕದಲ್ಲಿ ನಿಂತಿವೆ. ಅಳತೆ, ಆಕಾರ, ಶಿಖರ ಎಲ್ಲವೂ ಹೆಚ್ಚುಕಡಿಮೆ ಒಂದೇ. ಹೊರಗೆ ನಿಂತು ನೋಡಿದವರಿಗೆ ಯಾವುದು ಯಾರ ಗುಡಿ ಎಂದು ಹೇಳುವುದು ಕಷ್ಟ. ಒಳಗೆ ಹೋದರೆ ಒಂದರಲ್ಲಿ ನಾಗೇಶ್ವರ, ಇನ್ನೊಂದರಲ್ಲಿ ಚೆನ್ನಕೇಶವ.

ಔಷಧದ ವಿಷಯ ಮಾತನಾಡಲು ಬಂದವನು ಗುಡಿಯ ಮಾತನ್ನೇಕೆ ಎತ್ತಿದ ಎಂದು ನೀವು ಕೇಳಬಹುದು. ನಿಮ್ಮ ಮನೆಯ ಗೂಡಿನಲ್ಲೋ ಅಡುಗೆಮನೆಯ ಹಲಗೆಯ ಮೇಲೋ ಇರುವ ಮಾತ್ರೆ ಡಬ್ಬವನ್ನು ಒಮ್ಮೆ ತೆಗೆದು ನೋಡಿ. ಸಾಮಾನ್ಯವಾಗಿ ಅದು ಹಳೆಯ ಹಾರ್ಲಿಕ್ಸ್ ಡಬ್ಬವೋ ಬಿಸ್ಕತ್ತಿನ ತಗಡಿನ ಡಬ್ಬಿಯೋ ಆಗಿರುತ್ತದೆ. ಅದರಲ್ಲಿ ಅಜ್ಜಿಯ ರಕ್ತದೊತ್ತಡದ ಮಾತ್ರೆ ಇದೆ, ಅಪ್ಪನ ಸಕ್ಕರೆ ಕಾಯಿಲೆಯ ಮಾತ್ರೆ ಇದೆ, ಹೋದ ವರ್ಷ ಜ್ವರಕ್ಕೆ ತಂದು ಅರ್ಧ ನುಂಗಿ ಬಿಟ್ಟ ಆ್ಯಂಟಿಬಯೋಟಿಕ್ ಇದೆ, ಚಿಕ್ಕಪ್ಪನ ಕಾಲು ಮುರಿದಾಗ ಕೊಟ್ಟ ನೋವಿನ ಮಾತ್ರೆ ಇದೆ, ತಳದಲ್ಲಿ ಅಂಟಂಟಾದ ಒಂದು ಕೆಮ್ಮಿನ ಔಷಧಿಯ ಸೀಸೆ ಇದೆ. ಮಾತ್ರೆಗಳೆಲ್ಲ ಬಿಳಿ, ಎಲ್ಲವೂ ದುಂಡು. ಒಂದು ಶೀಟಿನಿಂದ ನಾಲ್ಕೇ ಮಾತ್ರೆ ಕತ್ತರಿಸಿ ತಂದಿದ್ದರೆ ಹೆಸರಿಲ್ಲ, ಅವಧಿ ಮುಗಿಯುವ ದಿನಾಂಕವೂ ಇಲ್ಲ. ಅದು ಇನ್ನೊಂದು ತುಂಡಿನ ಮೇಲೆ ಉಳಿದುಹೋಗಿರುತ್ತದೆ.

ಉಳಿಸಿಡುವುದು ನಮ್ಮ ಜನರ ಗುಣ. ರಾಗಿಯನ್ನು ಹಗೇವಿನಲ್ಲಿ ಇಟ್ಟವರು ನಾವು. ಹುಣಸೆಹಣ್ಣನ್ನು ವರ್ಷಗಟ್ಟಲೆ ಕಾಪಾಡಿದವರು. ಕಾಸು ಕೊಟ್ಟು ತಂದ ಮಾತ್ರೆಯನ್ನು ಎಸೆಯಲು ಮನಸ್ಸು ಬರುವುದಿಲ್ಲ, ‘ಇರಲಿ, ಮುಂದೆ ಬೇಕಾದೀತು’ ಎನ್ನುತ್ತೇವೆ. ಆದರೆ ಹಳೆಯದಾದಷ್ಟೂ ಹದವಾಗಲು ಮಾತ್ರೆಯೇನೂ ಹುಣಸೆಹಣ್ಣಲ್ಲ.

ನಾನು ಹೊಳೆನರಸೀಪುರದ ಕಡೆಯವನು. ಮೂವತ್ತು ವರ್ಷ ಔಷಧದ ಅಂಗಡಿಯಲ್ಲಿ ನಿಂತಿದ್ದೇನೆ. ನಮ್ಮ ವೃತ್ತಿಯಲ್ಲಿ ಲೆಕ್ಕ ಬಹಳ. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ, 1945ರ ನಿಯಮಗಳು, ಅವುಗಳ ಅನುಸೂಚಿಗಳು ಇವೆಲ್ಲ ನಮಗೆ ನಿತ್ಯದ ಪಾಠ. ವೈದ್ಯರ ಚೀಟಿ ಇಲ್ಲದೆ ಕೊಡಬಾರದ ಔಷಧಗಳು ‘ಎಚ್’ ಅನುಸೂಚಿಯಲ್ಲಿವೆ. 2013ರಲ್ಲಿ ಹೊರಡಿಸಿ 2014ರ ಮಾರ್ಚ್‌ನಿಂದ ಜಾರಿಗೆ ತಂದ ‘ಎಚ್-ಒನ್’ ಅನುಸೂಚಿ ಇನ್ನೂ ಬಿಗಿಯಾದದ್ದು. ನಿದ್ರೆಗೂ ಕಳವಳಕ್ಕೂ ಕೊಡುವ ಅಲ್ಪ್ರಜೋಲಾಮ್, ಡಯಾಜೆಪಾಮ್, ನೋವಿಗೆ ಕೊಡುವ ಟ್ರಮಡಾಲ್, ಕೆಲವು ಕೆಮ್ಮಿನ ಔಷಧಗಳಲ್ಲಿರುವ ಕೋಡೀನ್ ಇವೆಲ್ಲ ಆ ಪಟ್ಟಿಯಲ್ಲಿವೆ. ಇವನ್ನು ಮಾರಿದಾಗ ರೋಗಿಯ ಹೆಸರು, ಚೀಟಿ ಬರೆದ ವೈದ್ಯರ ಹೆಸರು, ಔಷಧ, ಎಷ್ಟು ಕೊಟ್ಟೆವು ಎಂಬುದನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾದಿಡಬೇಕು. ಟ್ರಮಡಾಲನ್ನು 2018ರಲ್ಲಿ ಮಾದಕ ವಸ್ತುಗಳ ಕಾಯ್ದೆಯ ವ್ಯಾಪ್ತಿಗೂ ತಂದರು.

ಅಂದರೆ ಕಾರ್ಖಾನೆಯಿಂದ ಅಂಗಡಿಯವರೆಗೆ ಪ್ರತಿ ಮಾತ್ರೆಗೂ ಲೆಕ್ಕವಿದೆ. ಅಂಗಡಿಯ ಮೆಟ್ಟಿಲು ಇಳಿದ ಮೇಲೆ? ಬಸ್ಸು ಹತ್ತಿ ಅರಕಲಗೂಡಿನ ಹಳ್ಳಿಗೋ ಚನ್ನರಾಯಪಟ್ಟಣದ ಬೀದಿಗೋ ಹೋದ ಮೇಲೆ ಆ ಮಾತ್ರೆಯ ಲೆಕ್ಕ ಇಡುವವರು ಯಾರು? ಯಾರೂ ಇಲ್ಲ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ಮನೆಯಲ್ಲೇ ಕಲಿತೆ.

ನನ್ನ ತಾಯಿಗೆ ವಯಸ್ಸಾದ ಮೇಲೆ ನಿದ್ರೆ ಬರುತ್ತಿರಲಿಲ್ಲ. ವೈದ್ಯರು ರಾತ್ರಿಗೊಂದು ಅಲ್ಪ್ರಜೋಲಾಮ್ ಬರೆದುಕೊಟ್ಟರು. ನಾನೇ ತಂದುಕೊಟ್ಟೆ. ಅಂಗಡಿಯ ರಿಜಿಸ್ಟರಿನಲ್ಲಿ ಅಮ್ಮನ ಹೆಸರನ್ನು ಶುದ್ಧವಾಗಿ ಬರೆದು, ಮಾತ್ರೆಯ ಶೀಟನ್ನು ಮನೆಯಲ್ಲಿ ಕ್ಯಾಲೆಂಡರಿನ ಕೆಳಗಿನ ಗೂಡಿನಲ್ಲಿ ಇಡುತ್ತಿದ್ದೆ. ಆ ವರ್ಷ ನನ್ನ ತಂಗಿಯ ಮಗ ನಮ್ಮ ಮನೆಯಲ್ಲಿದ್ದುಕೊಂಡು ಎರಡನೆಯ ಪಿ.ಯು.ಸಿ. ಓದುತ್ತಿದ್ದ. ಪರೀಕ್ಷೆಗೆ ಎರಡು ತಿಂಗಳಿತ್ತು. ತಿಂಗಳಿಗೆ ಸಾಲಬೇಕಾದ ಮಾತ್ರೆ ಇಪ್ಪತ್ತು ದಿನಕ್ಕೆ ಮುಗಿಯತೊಡಗಿತು. ಅಮ್ಮ ಮರೆತು ಎರಡೆರಡು ನುಂಗುತ್ತಿದ್ದಾಳೆಂದು ನಾನು ಅವಳನ್ನೇ ಗದರಿದೆ. ಅವಳು ಏನೂ ಹೇಳಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹುಡುಗ ಎಬ್ಬಿಸಿದರೂ ಏಳಲಿಲ್ಲ; ಎದ್ದಾಗ ನಾಲಿಗೆ ತೊದಲುತ್ತಿತ್ತು, ಗೋಡೆ ಹಿಡಿದು ನಡೆದ.

ಮಧ್ಯಾಹ್ನ ಹತ್ತಿರ ಕೂರಿಸಿಕೊಂಡು ಕೇಳಿದೆ. ‘ಮಾವ, ಓದಿ ಓದಿ ನಿದ್ದೆನೇ ಬರ್ತಿರಲಿಲ್ಲ. ಅಜ್ಜಿಗೆ ಕೊಡೋ ಮಾತ್ರೆ ತಾನೆ, ಡಾಕ್ಟರೇ ಬರೆದುಕೊಟ್ಟಿರೋದು, ಏನೂ ಆಗಲ್ಲ ಅಂದ್ಕೊಂಡೆ’ ಎಂದ.

ಮಿತ್ರರೇ, ಈ ಮಾತನ್ನು ಗಮನಿಸಿ. ಬೀದಿಯಲ್ಲಿ ಯಾರೋ ಗಾಂಜಾ ಕೊಟ್ಟಿದ್ದರೆ ಅವನು ಮುಟ್ಟುತ್ತಿರಲಿಲ್ಲ, ಅಂಥ ಹುಡುಗನಲ್ಲ. ಡಾಕ್ಟರು ಬರೆದದ್ದು, ಮನೆಯಲ್ಲಿದ್ದದ್ದು, ಅಜ್ಜಿಯೇ ನುಂಗುವಂಥದ್ದು ಎಂಬ ಮೂರು ಧೈರ್ಯಗಳು ಅವನನ್ನು ಅಲ್ಲಿಗೆ ಕರೆದೊಯ್ದವು. ಒಂದು ಮಾತ್ರೆಯಿಂದ ಶುರುವಾದದ್ದು, ಒಂದು ಸಾಲದೆ ಎರಡಾಗಿತ್ತು.

ಏಕೆ ಸಾಲುವುದಿಲ್ಲ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ತಿಳಿದಿರಬೇಕು. ಮಿದುಳಿನಲ್ಲಿ ನರಗಳ ಓಟಕ್ಕೆ ಕಡಿವಾಣ ಹಾಕುವ ಗಾಬಾ ಎಂಬ ರಾಸಾಯನಿಕವಿದೆ. ಈ ಜಾತಿಯ ಮಾತ್ರೆಗಳು ಅದರ ಕೆಲಸವನ್ನು ಹೆಚ್ಚಿಸುತ್ತವೆ. ಮನಸ್ಸು ಶಾಂತವಾಗುತ್ತದೆ, ಕಣ್ಣು ಮುಚ್ಚುತ್ತದೆ. ದಿನವೂ ಹೊರಗಿನಿಂದ ಸಹಾಯ ಬರತೊಡಗಿದರೆ ಮಿದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಆಗ ಅದೇ ನಿದ್ರೆಗೆ ಹೆಚ್ಚು ಮಾತ್ರೆ ಬೇಕು. ಒಮ್ಮೆಲೇ ನಿಲ್ಲಿಸಿದರೆ ಕಡಿವಾಣ ಕಿತ್ತುಹೋದ ಕುದುರೆಯ ಸ್ಥಿತಿ: ನಡುಕ, ಬೆವರು, ನಿದ್ರೆಗೇಡು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಆದ್ದರಿಂದಲೇ ವೈದ್ಯರು ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಿ ಬಿಡಿಸುತ್ತಾರೆ. ಮದ್ಯದ ಜೊತೆಗೋ ಬಲವಾದ ನೋವಿನ ಮಾತ್ರೆಯ ಜೊತೆಗೋ ಇದು ಸೇರಿದರೆ ಉಸಿರಾಟವೇ ನಿಧಾನವಾಗಿ ಪ್ರಾಣಕ್ಕೆ ಬರುತ್ತದೆ. ಕೋಡೀನಿನ ಕಥೆ ಇನ್ನೊಂದು ಬಗೆ. ಅದು ದೇಹದೊಳಗೆ ಹೋದ ಮೇಲೆ ಒಂದು ಪಾಲು ಮಾರ್ಫಿನ್ ಆಗಿ ಮಾರ್ಪಡುತ್ತದೆ. ಕೆಲವರ ದೇಹದಲ್ಲಿ ಈ ಮಾರ್ಪಾಟು ಹುಟ್ಟಿನಿಂದಲೇ ಬಹಳ ವೇಗ. ಅಣ್ಣನಿಗೆ ಏನೂ ಆಗದ ಅಳತೆ ತಮ್ಮನಿಗೆ ಅಪಾಯವಾಗಬಹುದು. ಮುಖ ನೋಡಿ ಇದನ್ನು ಹೇಳಲಾಗದು.

ನನ್ನ ಸೋದರಳಿಯನನ್ನು ಹಾಸನದಲ್ಲಿ ಮನೋವೈದ್ಯರಿಗೆ ತೋರಿಸಿದೆವು. ಗುಣವಾದ. ಪರೀಕ್ಷೆಯನ್ನೂ ಬರೆದ. ಆದರೆ ಅಮ್ಮನನ್ನು ಸುಮ್ಮನೆ ಗದರಿದ್ದು ನನಗೆ ಈಗಲೂ ಚುಚ್ಚುತ್ತದೆ.

ಇದು ನಮ್ಮ ಒಂದು ಮನೆಯ ಮಾತಲ್ಲ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. 10ರಿಂದ 75 ವರ್ಷ ವಯಸ್ಸಿನವರಲ್ಲಿ ಶೇಕಡಾ 1.08ರಷ್ಟು ಜನ, ಅಂದರೆ ಸುಮಾರು 1.18 ಕೋಟಿ ಮಂದಿ, ವೈದ್ಯರ ಸಲಹೆಯಿಲ್ಲದೆ ಇಂಥ ನಿದ್ರಾಜನಕಗಳನ್ನು ಬಳಸುತ್ತಿದ್ದರು. ನೋವಿನ ಔಷಧಗಳ ದುರುಪಯೋಗವೂ ಹೆಚ್ಚುಕಡಿಮೆ ಅಷ್ಟೇ: ಶೇಕಡಾ 0.96.

ಈಗ ಕೆಲಸದ ಮಾತಿಗೆ ಬರೋಣ. ಮನೆಯಲ್ಲಿ ಶೀಟಿನ ಮೇಲಿನ ಸಣ್ಣ ಅಕ್ಷರ ಓದಬಲ್ಲವರು ಬಹುಪಾಲು ನೀವೇ. ಮಾತ್ರೆಯ ಹೆಸರಿನ ಪಕ್ಕದಲ್ಲಿ ಆರ್ ಅಕ್ಷರದ ಕಾಲಿಗೆ ಅಡ್ಡಗೆರೆ ಎಳೆದ ಗುರುತಿದ್ದರೆ ಅದು ಚೀಟಿಯ ಔಷಧ. ಆ ಗುರುತು ಕೆಂಪಾಗಿದ್ದು, ಕೆಳಗೆ ಚೌಕದೊಳಗೆ ಎಚ್ಚರಿಕೆ ಅಚ್ಚಾಗಿದ್ದರೆ ಎಚ್-ಒನ್. ಎಣಿಸಬೇಕಾದದ್ದು, ಬೀಗದೊಳಗೆ ಇರಬೇಕಾದದ್ದು ಮುಖ್ಯವಾಗಿ ಇಂಥವು. ಒಂದು ಹಳೆಯ ನೋಟುಪುಸ್ತಕದಲ್ಲಿ ತಂದ ದಿನ, ತಂದದ್ದು ಎಷ್ಟು, ಭಾನುವಾರ ಎಣಿಸಿದಾಗ ಉಳಿದದ್ದು ಎಷ್ಟು ಎಂದು ಬರೆದರೆ ಸಾಕು. ಐದು ನಿಮಿಷದ ಕೆಲಸ. ಅಂಗಡಿಯಲ್ಲಿ ಶೀಟು ಕತ್ತರಿಸುವಾಗ ಹೆಸರೂ ದಿನಾಂಕವೂ ಇರುವ ತುದಿಯನ್ನು ಕೇಳಿ ಪಡೆಯಿರಿ, ಇಲ್ಲವೇ ಲಕೋಟೆಯ ಮೇಲೆ ಬರೆಸಿಕೊಳ್ಳಿ. ಬೀಗಕ್ಕೆ ಟ್ರಂಕು ಸಾಕು, ಬೀರುವಾದರೂ ಆದೀತು. ಒಲೆಯ ಪಕ್ಕ, ಬಚ್ಚಲುಮನೆ ಬೇಡ. ಬಿಸಿಗೂ ತೇವಕ್ಕೂ ಔಷಧ ಕೆಡುತ್ತದೆ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಎದೆನೋವು ಬಂದಾಗ ನಾಲಿಗೆಯಡಿ ಇಡುವ ಮಾತ್ರೆ, ಉಬ್ಬಸದವರ ಇನ್‌ಹೇಲರ್ ಇವಕ್ಕೆ ಬೀಗ ಹಾಕಿ ಕೀಲಿ ಹುಡುಕುತ್ತ ಕೂರಬಾರದು. ಅವು ರೋಗಿಯ ಕೈಗೆ ಸಿಗುವಂತಿರಲಿ.

ಹಾಸ್ಟೆಲಿನವರಿಗೂ ಒಂದು ಮಾತು. ‘ತಲೆನೋವಿಗೆ ನಿನ್ನ ಹತ್ರ ಏನಾದ್ರೂ ಇದೆಯಾ?’ ಎಂದು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವುದು ಸ್ನೇಹವೆಂದು ತಿಳಿದಿದ್ದೇವೆ. ಅನ್ನ ಹಂಚಿಕೊಳ್ಳಿ, ಚೀಟಿಯ ಮಾತ್ರೆ ಬೇಡ.

ಇನ್ನು ಬೇಡವಾದ ಔಷಧವನ್ನು ಎಲ್ಲಿಗೆ ಹಾಕುವುದು? ಹಳ್ಳಿಯಲ್ಲಿ ಎಲ್ಲದಕ್ಕೂ ತಿಪ್ಪೆ ಇದೆ. ಅಲ್ಲಿ ಕೋಳಿ ಕೆದಕುತ್ತದೆ, ನಾಯಿ ಮೂಸುತ್ತದೆ, ಮಕ್ಕಳು ಬಣ್ಣದ ಮಾತ್ರೆ ಆರಿಸುತ್ತಾರೆ; ಉಳಿದದ್ದು ಗೊಬ್ಬರದ ಜೊತೆ ಹೊಲ ಸೇರುತ್ತದೆ. ಹಂಡೆಯ ಒಲೆಗೆ ಹಾಕಿದರೆ ಪ್ಲಾಸ್ಟಿಕ್ಕಿನ ಹೊಗೆ. ಚರಂಡಿಗೆ ಸುರಿದರೆ ನಮ್ಮ ಕಡೆ ಅದರ ದಾರಿ ಹೇಮಾವತಿಗೆ. ಹೇಮಾವತಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಮುಂದೆ ಆ ನೀರನ್ನು ಕುಡಿಯುವವರು ಎಷ್ಟು ಲಕ್ಷ ಜನ ಎಂದು ನಿಮಗೇ ಗೊತ್ತು.

2016ರ ಘನತ್ಯಾಜ್ಯ ನಿಯಮಗಳು ಅವಧಿ ಮುಗಿದ ಔಷಧವನ್ನು ಮನೆಯ ಅಪಾಯಕಾರಿ ಕಸವೆಂದು ಹೆಸರಿಸಿದವು, ಬೇರೆಯಾಗಿ ಕೊಡಬೇಕೆಂದವು. ಕೇರಳದಲ್ಲಿ 2025ರಲ್ಲಿ ಕೋಯಿಕ್ಕೋಡಿನಿಂದ ಆರಂಭಿಸಿ ಮನೆಗಳ ಹಳೆಯ ಔಷಧವನ್ನು ಹಿಂದಕ್ಕೆ ಪಡೆಯುವ ಯೋಜನೆ ನಡೆಸಿದ್ದಾರೆ. ಅಂಗಡಿಯವನಾಗಿ ಹೇಳುತ್ತೇನೆ: ಮಾರಾಟವಾಗದೆ ಅವಧಿ ಮೀರಿದ ದಾಸ್ತಾನನ್ನು ನಾವು ಕಂಪನಿಗೆ ಹಿಂದಿರುಗಿಸುತ್ತೇವೆ, ಆದರೆ ನೀವು ತರುವ ಬಿಡಿ ಮಾತ್ರೆಗೆ ಆ ದಾರಿ ಇಲ್ಲ. ಹಾಗಾಗಿ ಎಷ್ಟೋ ಮಂದಿಯನ್ನು ಬರಿಗೈಯಲ್ಲಲ್ಲ, ಅದೇ ಪೊಟ್ಟಣದೊಂದಿಗೆ ವಾಪಸು ಕಳಿಸಿದ್ದೇನೆ. ಊರಿಗೊಂದು ಬೀಗದ ಪೆಟ್ಟಿಗೆ ಬೇಕು. ಇದನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

ಅಲ್ಲಿಯವರೆಗೆ ಹೀಗೆ ಮಾಡಬಹುದು. ಮೊದಲು ಅಂಗಡಿಯಲ್ಲೂ ಆಸ್ಪತ್ರೆಯಲ್ಲೂ ವಿಚಾರಿಸಿ. ತೆಗೆದುಕೊಳ್ಳದಿದ್ದರೆ ಮಾತ್ರೆಗಳನ್ನು ಶೀಟಿನಿಂದ ಬಿಡಿಸಿ, ಕಾಫಿ ಸೋಸಿದ ಮೇಲೆ ಉಳಿಯುವ ಚರಟದಲ್ಲೋ ಮಣ್ಣಿನಲ್ಲೋ ಕಲಸಿ, ಯಾರಿಗೂ ಮುಟ್ಟಲು ಮನಸ್ಸಾಗದಂತೆ ಮಾಡಿ, ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕಸದ ಗಾಡಿಗೆ ಕೊಡಿ. ಮಾರ್ಫಿನ್, ಫೆಂಟನಿಲ್, ಟ್ರಮಡಾಲ್, ಡಯಾಜೆಪಾಮ್ ಮೊದಲಾದ 17 ಔಷಧಗಳಿಗೆ ಮಾತ್ರ ಬೇರೆ ಸಲಹೆ ಇದೆ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರ ಮೇ ತಿಂಗಳಿನಲ್ಲಿ ಹೊರಡಿಸಿದ ಮಾರ್ಗಸೂಚಿ ಇವನ್ನು ಕಕ್ಕಸಿಗೆ ಹಾಕಿ ನೀರು ಬಿಡಿ ಎನ್ನುತ್ತದೆ. ಈಗತಾನೆ ಹೇಮಾವತಿಯ ಮಾತಾಡಿದವನು ಇದನ್ನು ಒಪ್ಪುವುದು ಹೇಗೆ? ಇವುಗಳಲ್ಲಿ ಒಂದು ಮಾತ್ರೆ ತಪ್ಪಿ ಮಗುವಿನ ಬಾಯಿಗೆ ಹೋದರೂ ಪ್ರಾಣ ಹೋಗಬಹುದು. ನದಿಯ ಹಾನಿಯನ್ನೂ ಮನೆಯ ಹಾನಿಯನ್ನೂ ತೂಗಿ ನೋಡಿ ಹಾಗೆ ಹೇಳಿದ್ದಾರೆ. ಕ್ಯಾನ್ಸರಿನಿಂದ ತೀರಿಹೋದವರ ಮನೆಯಲ್ಲಿ ಮಾರ್ಫಿನ್ ಉಳಿದಿರುತ್ತದೆ. ದುಃಖದ ಮನೆಯಲ್ಲಿ ಅದು ಯಾರಿಗೂ ನೆನಪಾಗುವುದಿಲ್ಲ. ನೆರೆಯವರಾಗಿ ನೀವು ಮೆಲ್ಲಗೆ ನೆನಪಿಸಬಹುದು.

ಗೆಳೆಯನೊಬ್ಬ ಆಗಲೇ ಇಂಥ ಮಾತ್ರೆಗೆ ಅಂಟಿಕೊಂಡಿದ್ದಾನೆ ಎಂದು ಅನುಮಾನ ಬಂದರೆ ಎಲ್ಲರೆದುರು ಹಂಗಿಸಬೇಡಿ. ‘ಇವತ್ತೇ ಬಿಟ್ಟುಬಿಡು’ ಎಂದು ಆಣೆಯನ್ನೂ ಹಾಕಿಸಬೇಡಿ. ಫಿಟ್ಸ್‌ನ ಅಪಾಯ ಹೇಳಿದೆನಲ್ಲ. ಟೆಲಿ-ಮಾನಸ್ ಎಂಬ ಸಹಾಯವಾಣಿ 2022ರ ಅಕ್ಟೋಬರಿನಲ್ಲಿ ಆರಂಭವಾಯಿತು. 14416ಕ್ಕೆ ಫೋನು ಮಾಡಿದರೆ ಕಾಸಿಲ್ಲದೆ, ಕನ್ನಡದಲ್ಲೇ ಮಾತನಾಡಬಹುದು. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಉಸಿರು ನಿಧಾನವಾಗಿದ್ದರೆ, ಎಬ್ಬಿಸಿದರೂ ಏಳದಿದ್ದರೆ ಕಾಯಬೇಡಿ: 108ಕ್ಕೆ ಕರೆಮಾಡಿ, ನುಂಗಿದ ಶೀಟನ್ನೂ ಜೊತೆಗೆ ಒಯ್ಯಿರಿ.

ನಮ್ಮ ಮನೆಯಲ್ಲಿ ಟ್ರಂಕಿಗೆ ಬೀಗ ಬಿದ್ದ ದಿನ ಅಮ್ಮ ಮುನಿಸಿಕೊಂಡಳು. ‘ನನ್ನ ಮಾತ್ರೆಗೂ ಬೀಗವೇನೋ? ನಾನೇನು ಕದ್ದೆನೆ?’ ಎಂದಳು. ಕದ್ದವರು ಯಾರೆಂದು ಅವಳಿಗೆ ನಾನು ಹೇಳಿರಲಿಲ್ಲ. ಎರಡು ದಿನದ ಮೇಲೆ ಹುಡುಗನೇ ಹೋಗಿ ಹೇಳಿದ. ಅವಳು ಕೀಲಿಯನ್ನು ನನ್ನಿಂದ ಇಸಿದುಕೊಂಡು ತನ್ನ ಎಲೆ-ಅಡಿಕೆಯ ಸಂಚಿಗೆ ಹಾಕಿಕೊಂಡಳು. ಅಲ್ಲಿಂದಾಚೆಗೆ ಭಾನುವಾರದ ಎಣಿಕೆಗೆ ಅವನು, ಕೀಲಿಗೆ ಅವಳು.