ಮಗುವಿನ ಗಾಯ, ಮಗುವಿನ ವಯಸ್ಸು



ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ನಾಯಂಡಹಳ್ಳಿಯಂಥ ಕಡೆ ಮನೆಗಳು ಒತ್ತೊತ್ತಾಗಿರುತ್ತವೆ. ಪಕ್ಕದ ಮನೆಯ ಕೂಸನ್ನು ನೀವೂ ಎತ್ತಿ ಆಡಿಸಿರುತ್ತೀರಿ. ಅದರ ಮೈಮೇಲೆ ಗಾಯ ಕಂಡರೆ, “ಎಲ್ಲೋ ಬಿದ್ದಿರಬೇಕು” ಎನ್ನುತ್ತೇವೆ. ಬಹಳ ಸಲ ಅದು ನಿಜವೇ. ನಿಜವಲ್ಲದಿದ್ದಾಗ ತಿಳಿಯುವುದು ಹೇಗೆ?

2012ರ ಏಪ್ರಿಲ್‌ನಲ್ಲಿ ಮೂರು ತಿಂಗಳ ಹೆಣ್ಣು ಕೂಸೊಂದು ತಲೆಗೆ ಪೆಟ್ಟಾಗಿ, ಮೈಮೇಲೆ ಕಚ್ಚಿದ ಗುರುತುಗಳೊಡನೆ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ಸೇರಿತು, 11ರಂದು ತೀರಿಕೊಂಡಿತು. ಗಂಡು ಮಗು ಬೇಕಾಗಿದ್ದ ತಂದೆಯೇ ಹಿಂಸಿಸಿದನೆಂಬ ಆರೋಪದ ಮೇಲೆ ಆತನನ್ನು ಬಂಧಿಸಲಾಯಿತು.

ವೈದ್ಯರಿಗೂ ಇಂಥದು ಬೇಗ ಹೊಳೆಯಲಿಲ್ಲ. 1946ರಲ್ಲಿ ಅಮೆರಿಕದ ಜಾನ್ ಕ್ಯಾಫಿ ಆರು ಶಿಶುಗಳ ವಿಷಯ ಬರೆದರು. ತಲೆಯೊಳಗೆ ರಕ್ತಸ್ರಾವ, ಜೊತೆಗೆ ಕೈಕಾಲಿನ ಮೂಳೆ ಮುರಿತ. ಕಾರಣ ಮಾತ್ರ ಸ್ಪಷ್ಟವಿರಲಿಲ್ಲ. ಇಂಥ ಮಕ್ಕಳನ್ನು ಸಾಕುವವರೇ ಹೊಡೆದಿರಬಹುದೆಂದು ಹೆನ್ರಿ ಕೆಂಪ್ ಮತ್ತು ಸಂಗಡಿಗರು ಬಿಡಿಸಿ ಹೇಳಿದ್ದು 1962ರಲ್ಲಿ. ಎಕ್ಸ್‌ರೇಯಲ್ಲಿ ಒಂದು ಮುರಿತ ಹೊಸದಾಗಿ, ಇನ್ನೊಂದು ಅರ್ಧ ಕೂಡಿಕೊಂಡು ಕಂಡರೆ ಪೆಟ್ಟು ಒಂದೇ ದಿನದ್ದಲ್ಲ.

ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಸರಳ: ಈ ವಯಸ್ಸಿನ ಮಗು ಈ ಗಾಯವನ್ನು ತಾನೇ ಮಾಡಿಕೊಳ್ಳಬಲ್ಲುದೇ? ನಡೆಯುವ ಮಗುವಿನ ಮಂಡಿ, ಮೊಣಕಾಲಿನ ಕೆಳಭಾಗ, ಹಣೆ ತರಚುವುದು ಸಹಜ. ಆದರೆ ಇನ್ನೂ ಮಗುಚಿಕೊಳ್ಳದ ಕೂಸಿನ ಮೈ ಕಂದಿದ್ದರೆ ಯೋಚಿಸಬೇಕು. ಕಿವಿ, ಕುತ್ತಿಗೆ, ಹೊಟ್ಟೆ, ಬೆನ್ನಿನ ಮೇಲಿನ ಬಾಸುಂಡೆಗಳು ಆಟದ ಗಾಯಗಳಂತಲ್ಲ. ಬಿಸಿನೀರು ಚೆಲ್ಲಿದರೆ ಬೊಬ್ಬೆ ಅಲ್ಲಲ್ಲಿ ಏಳುತ್ತದೆ. ಪಾದವನ್ನು ಅದ್ದಿ ಹಿಡಿದರೆ ಕಾಲುಚೀಲ ತೊಟ್ಟಂತೆ ಸುತ್ತಲೂ ಒಂದೇ ಸಮನಾಗಿ ಸುಡುತ್ತದೆ. ಕೇಳಿದಾಗಲೆಲ್ಲ ಕಥೆ ಬದಲಾಗುವುದು, ಆಸ್ಪತ್ರೆಗೆ ತಡವಾಗಿ ಒಯ್ಯುವುದು ಸಹ ಸೂಚನೆಗಳೇ.

ಹಾಗೆಂದು ಯಾರನ್ನೂ ಅಪರಾಧಿ ಎನ್ನಬೇಡಿ. ಹುಟ್ಟಿನಿಂದಲೇ ಸೊಂಟದ ಕೆಳಗಿರುವ ನೀಲಿ ಮಚ್ಚೆ ನಮ್ಮ ಮಕ್ಕಳಲ್ಲಿ ಸಾಮಾನ್ಯ. ರಕ್ತ ಬೇಗ ಹೆಪ್ಪುಗಟ್ಟದ ಕಾಯಿಲೆಯಲ್ಲೂ ಮೈ ಕಂದುತ್ತದೆ. ರೋಗ ವಾಸಿಯಾಗಲೆಂದು ನಂಬಿ ಕೂಸಿಗೆ ಬರೆ ಹಾಕುವವರೂ ಉಂಟು; ಅಲ್ಲಿ ದ್ವೇಷವಿಲ್ಲ, ಆದರೂ ಅದು ಗಾಯವೇ. ತೀರ್ಮಾನ ವೈದ್ಯರದು.

ನಿಮ್ಮ ಕೆಲಸ ತಿಳಿಸುವುದು. ಆ ಮನೆಯವರೊಡನೆ ಜಗಳಕ್ಕೆ ಹೋಗಬೇಡಿ. ಸಿಟ್ಟು ಮಗುವಿನ ಮೇಲೆಯೇ ತಿರುಗೀತು. ನಂಬಿಕೆಯ ಶಿಕ್ಷಕರಿಗೆ, ಅಂಗನವಾಡಿ ಕಾರ್ಯಕರ್ತೆಗೆ ಹೇಳಿ, ಇಲ್ಲವೇ 1098ಕ್ಕೆ ಕರೆ ಮಾಡಿ. ಈ ಮಕ್ಕಳ ಸಹಾಯವಾಣಿಗೆ ಹಣ ಬೇಕಿಲ್ಲ. ತನ್ನ ವಶದಲ್ಲಿರುವ ಮಗುವನ್ನು ಹಿಂಸಿಸುವವರಿಗೆ 2015ರ ಬಾಲನ್ಯಾಯ ಕಾಯ್ದೆಯಂತೆ ಮೂರು ವರ್ಷದವರೆಗೆ ಸೆರೆವಾಸ ಉಂಟು. ಗಾಯ ನಿಮ್ಮದೇ ಮನೆಯಲ್ಲಿ, ನಿಮ್ಮದೇ ಮೈಮೇಲೆ ಇದ್ದರೂ ಆ ಸಂಖ್ಯೆ ನಿಮ್ಮದೇ.

ಮಾತು ಬಾರದ ಕೂಸು ದೂರು ಕೊಡಲಾರದು. ಅದರ ಪರವಾಗಿ ನೋಡುವ ಕಣ್ಣು, ಆಡುವ ಮಾತು ನಿಮ್ಮದಾಗಲಿ.