ಜಿಗರ್ ಮತ್ತು ಒಂದು ಸ್ಕ್ಯಾನಿಂಗ್ ವರದಿ



ಉರ್ದು ತರಗತಿಯಲ್ಲಿ 'ಜಿಗರ್' ಎಂದರೆ ಧೈರ್ಯ, ಪ್ರೀತಿ ಎಂದು ಅರ್ಥ ಹೇಳುತ್ತೇನೆ. ಕನ್ನಡದಲ್ಲಿ ಅದೇ ಅಂಗಕ್ಕೆ ಪಿತ್ತಜನಕಾಂಗ ಎಂಬ ಉದ್ದನೆಯ ಹೆಸರು. ನನ್ನ ಮಾಮುವಿನ ವರದಿಯಲ್ಲಿ 'ಗ್ರೇಡ್ 3 ಫ್ಯಾಟಿ ಲಿವರ್' ಎಂದು ಓದಿದ ದಿನ ಈ ಎರಡು ಪದಗಳಿಂದಲೂ ಏನೂ ತಿಳಿಯಲಿಲ್ಲ.

ಮಾಮು ಮದ್ಯ ಮುಟ್ಟಿದವರಲ್ಲ. ಆದರೂ ಬಂಧುಗಳಲ್ಲಿ ಪಿಸುಮಾತು ಹಬ್ಬಿತು. ಮಾನಕ್ಕೆ ಅಂಜಿ ಅವರು ಕೆಲವು ತಿಂಗಳು ವೈದ್ಯರ ಕಡೆಗೇ ಹೋಗಲಿಲ್ಲ. ಲಿವರ್ ಕೆಡಲು ಕುಡಿತವೇ ಬೇಕಿಲ್ಲ. ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು ಸಾಕು. 2023ರಲ್ಲಿ ತಜ್ಞರು ಈ ಕಾಯಿಲೆಯ ಹೆಸರನ್ನೇ ಬದಲಿಸಿ, ಅದರಲ್ಲಿದ್ದ ಮದ್ಯದ ಪ್ರಸ್ತಾಪವನ್ನು ತೆಗೆದುಹಾಕಿದರು. ನಮ್ಮ ಪಿಸುಮಾತು ಮಾತ್ರ ಹಳೆಯ ಹೆಸರಿನಲ್ಲೇ ನಿಂತಿದೆ!

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಗ್ರೇಡ್ ಬೇರೆ, ಸ್ಟೇಜ್ ಬೇರೆ. ಸ್ಕ್ಯಾನಿಂಗ್‌ನ ಗ್ರೇಡ್ ಲಿವರಿನಲ್ಲಿ ಎಷ್ಟು ಕೊಬ್ಬಿದೆ ಎಂಬುದನ್ನು ಹೇಳುತ್ತದೆ. ಅಪಾಯವನ್ನು ನಿರ್ಧರಿಸುವುದು ಕೊಬ್ಬಲ್ಲ, ಗಾಯದ ಕಲೆ, ಅಂದರೆ ಫೈಬ್ರೋಸಿಸ್. ಅದನ್ನು ಎಫ್0ಯಿಂದ ಎಫ್4ರವರೆಗೆ ಅಳೆಯುತ್ತಾರೆ. ಎಫ್3 ಎಂದರೆ ಮುಂದುವರಿದ ಹಂತ, ಎಫ್4 ಎಂದರೆ ಸಿರೋಸಿಸ್. ಗ್ರೇಡ್ 3 ಇದ್ದವರಲ್ಲಿ ಕಲೆಯೇ ಇಲ್ಲದಿರಬಹುದು. ಗ್ರೇಡ್ 1 ಇದ್ದವರಲ್ಲಿ ಬಹಳ ಇರಬಹುದು. ಸಿರೋಸಿಸ್ ಬಲಿತಾಗ ಕೊಬ್ಬು ಕಡಿಮೆಯಾಗುವುದೂ ಉಂಟು, ಅದನ್ನು ಕಂಡು ಗುಣವಾಯಿತೆಂದು ಸಂತೋಷಪಡುವವರೂ ಇದ್ದಾರೆ. ಆದ್ದರಿಂದ ವೈದ್ಯರನ್ನು "ಕಲೆ ಎಷ್ಟಿದೆ?" ಎಂದೇ ಕೇಳಿರಿ. ವಯಸ್ಸು, ಪ್ಲೇಟ್‌ಲೆಟ್, ಎಎಸ್‌ಟಿ, ಎಎಲ್‌ಟಿ ಇವುಗಳಿಂದ 'ಫಿಬ್-4' ಎಂಬ ಅಂಕಿಯನ್ನು ಲೆಕ್ಕ ಹಾಕಬಹುದು. ಅದು 1.3ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಹೆಚ್ಚಿದ್ದರೆ ನೋವಿಲ್ಲದ ಫೈಬ್ರೋಸ್ಕ್ಯಾನ್ ಪರೀಕ್ಷೆ ಇದೆ.

ಮಾಮುವಿಗೆ ಎಫ್4 ಬಂತು. ಆದರೆ ಲಿವರ್ ಇನ್ನೂ ತನ್ನ ಕೆಲಸ ನಿಭಾಯಿಸುತ್ತಿದೆ ಎಂದರು ವೈದ್ಯರು. ಆ 'ಇನ್ನೂ' ಎಂಬ ಪದವನ್ನು ಉಳಿಸಿಕೊಳ್ಳುವುದೇ ಈಗ ಮನೆಯವರೆಲ್ಲರ ಕೆಲಸ. ಹೊಟ್ಟೆಯಲ್ಲಿ ನೀರು ತುಂಬುವುದು, ಕಣ್ಣು ಹಳದಿಯಾಗುವುದು, ರಕ್ತವಾಂತಿ, ಡಾಂಬರಿನಂತೆ ಕಪ್ಪು ಮಲ, ಹಗಲು ಮಂಪರು, ಮಾತಿನಲ್ಲಿ ಗೊಂದಲ ಕಂಡರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಮಂಡಿನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬಾರದು. 'ಲಿವರ್ ಶುದ್ಧಿ'ಯ ಕಷಾಯವೂ ಬೇಡ; ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರ್ ಕೆಟ್ಟವರನ್ನು ಮುಂಬೈಯ ವೈದ್ಯರು ಕಂಡು ವರದಿ ಮಾಡಿದ್ದಾರೆ. ಪಥ್ಯವೆಂದು ಮೊಟ್ಟೆ, ಬೇಳೆ ನಿಲ್ಲಿಸಿದರೆ ಸ್ನಾಯು ಕರಗುತ್ತದೆ. ಮಲಗುವ ಮುನ್ನ ಸ್ವಲ್ಪ ತಿನ್ನುವುದು ಒಳ್ಳೆಯದು. ರೋಜಾ ಹಿಡಿಯುವ ವಿಚಾರವನ್ನು ರಮಜಾನ್‌ಗೆ ಮೊದಲೇ ವೈದ್ಯರೊಡನೆ ಮಾತನಾಡಿಕೊಳ್ಳಿ.

ಇಂಥ ರೋಗಿಯ ಒಡಹುಟ್ಟಿದವರಿಗೂ ಮಕ್ಕಳಿಗೂ ಅಪಾಯ ಹೆಚ್ಚು. ಮಾಮುವಿನ ಇಬ್ಬರು ಗಂಡುಮಕ್ಕಳ ರಕ್ತ ಪರೀಕ್ಷೆ ಮಾಡಿಸಿದೆವು. ಹಿರಿಯವನಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾದದ್ದೇ ಆಗ.